ಸಹಿ ಇಲ್ಲದ ಬಾತುಗಳು

2007ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಎರಡು ಮರದ ಹಕ್ಕಿಗಳು ಮಾರಾಟವಾದವು. ಒಂದು ಬಾತು, ಇನ್ನೊಂದು ಹೆಬ್ಬಾತು. ಬೆಲೆ ಎಷ್ಟು ಗೊತ್ತಾ? ಒಂದೊಂದಕ್ಕೂ 11 ಲಕ್ಷದ 30 ಸಾವಿರ ಡಾಲರ್. ಎರಡನ್ನೂ ಕೆತ್ತಿದವನು ಎಲ್ಮರ್ ಕ್ರೋವೆಲ್ ಅನ್ನೋ ಮ್ಯಾಸಚೂಸೆಟ್ಸ್‌ನ ಕುಶಲಕರ್ಮಿ. ಅವನ ಹೆಸರು, ಊರು, ಅವನು ಒತ್ತುತ್ತಿದ್ದ ಮುದ್ರೆ ಎಲ್ಲವೂ ಸಂಗ್ರಹಕಾರರಿಗೆ ಬಾಯಿಪಾಠ.

ನಾನು ಹೇಳೋಕೆ ಹೊರಟಿರೋದು ಅದೇ ಕಾಲದ ಇನ್ನೊಂದು ಜಾತಿಯ ಮರದ ಬಾತುಗಳ ಕಥೆ. ಫ್ಯಾಕ್ಟರಿಯಲ್ಲಿ ತಯಾರಾಗಿ, ಡಜನ್ ಲೆಕ್ಕದಲ್ಲಿ ಪೆಟ್ಟಿಗೆಗೆ ಬಿದ್ದು, ಅಂಚೆ-ರೈಲಿನಲ್ಲಿ ದೇಶವೆಲ್ಲಾ ಓಡಾಡಿದ ಬಾತುಗಳು. ಇವುಗಳ ಮೇಲೆ ಕೆಲಸ ಮಾಡಿದವರು ಯಾರೂ ಸಹಿ ಹಾಕಲಿಲ್ಲ. ನೀರಿಗೆ ಎಸೆದು, ಒದ್ದು, ಮೂಟೆಗೆ ತುಂಬಿ, ಹಳತಾದರೆ ಒಲೆಗೆ ಹಾಕೋ ಸಾಮಾನು ಅಂತಲೇ ಇವನ್ನು ಮಾಡಿದ್ದು. ಇಂಥ ವಸ್ತುವಿಗೆ ಚರಿತ್ರೆ ಬರೆಯೋದು ಹೇಗೆ? ಬರೆದರೆ ಅದರಿಂದ ನಮಗೆ ಸಿಗೋದಾದರೂ ಏನು?

ಮೊದಲು ವಿಷಯ ಸ್ಪಷ್ಟವಾಗಲಿ. ಇಂಗ್ಲಿಷಿನಲ್ಲಿ ಇವಕ್ಕೆ ಡಿಕಾಯ್ ಅಂತಾರೆ. ಕಾಡುಬಾತುಗಳು ಗುಂಪಿನಲ್ಲಿ ಬದುಕೋ ಹಕ್ಕಿಗಳು. ಮೇಲೆ ಹಾರುವಾಗ ಕೆಳಗೆ ತಮ್ಮವರು ನೆಮ್ಮದಿಯಾಗಿ ತೇಲ್ತಿದ್ದರೆ, ಅಲ್ಲಿ ಮೇವಿದೆ, ಅಪಾಯ ಇಲ್ಲ ಅಂತ ತಿಳಿದು ಇಳಿಯುತ್ತವೆ. ಬೇಟೆಗಾರ ಮಾಡೋದು ಇಷ್ಟೇ: ನೀರಿನ ಮೇಲೆ ಸುಳ್ಳು ಬಾತುಗಳನ್ನು ತೇಲಿಬಿಟ್ಟು, ಪಕ್ಕದ ಜೊಂಡಿನಲ್ಲಿ ಕೋವಿ ಹಿಡಿದು ಕೂರೋದು. ಈ ಉಪಾಯ ನಮಗೆ ಹೊಸದಲ್ಲ. ನಡುಗನ್ನಡ ಕಾವ್ಯಗಳ ಬೇಟೆಯ ವರ್ಣನೆಗಳಲ್ಲಿ 'ದೀಹ' ಅಂತೊಂದು ಪದ ಬರುತ್ತೆ. ಕಾಡುಪ್ರಾಣಿಯನ್ನು ಸೆಳೆಯೋಕೆ ಪಳಗಿಸಿ ಇಟ್ಟುಕೊಂಡ ಪ್ರಾಣಿ ಅಥವಾ ಹಕ್ಕಿಯೇ ದೀಹ. ಪದ ಮರೆತುಹೋಗಿದೆ, ಆದರೆ ಮಾರೀಚನ ಮಾಯಾಜಿಂಕೆ ಯಾರಿಗೆ ಗೊತ್ತಿಲ್ಲ ಹೇಳಿ?

ಅಮೆರಿಕದಲ್ಲೂ ಇದು ಬಿಳಿಯರು ತಂದ ವಿದ್ಯೆ ಅಲ್ಲ. 1924ರಲ್ಲಿ ನೆವಾಡಾ ರಾಜ್ಯದ ಲವ್‌ಲಾಕ್ ಗುಹೆಯಲ್ಲಿ ಉತ್ಖನನ ಮಾಡಿದವರಿಗೆ 11 ಬಾತುಗಳು ಸಿಕ್ಕವು. ಜೊಂಡುಹುಲ್ಲನ್ನು ಮಡಚಿ, ಕಟ್ಟಿ ಮಾಡಿದವು. ಕೆಲವಕ್ಕೆ ಬಣ್ಣ ಬಳಿದು, ಗರಿಗಳನ್ನೂ ಸಿಕ್ಕಿಸಿದ್ದರು. ವಯಸ್ಸು ಸುಮಾರು 2,000 ವರ್ಷ. ಆ ಬಾತುಗಳು ಕ್ಯಾನ್ವಾಸ್‌ಬ್ಯಾಕ್ ಅನ್ನೋ ಜಾತಿಯವು ಅಂತ ನೋಡಿದ ಕೂಡಲೇ ಗುರುತಿಸಬಹುದು, ಅಷ್ಟು ಚೆನ್ನಾಗಿವೆ. ಈ ಕ್ಯಾನ್ವಾಸ್‌ಬ್ಯಾಕ್ ಹೆಸರನ್ನು ನೆನಪಲ್ಲಿ ಇಟ್ಟುಕೊಳ್ಳಿ.

ಊಟಕ್ಕೆ ಬೇಕಾದಷ್ಟು ಬಾತು ಹೊಡೆಯೋಕೆ ಹತ್ತು ಹನ್ನೆರಡು ಡಿಕಾಯ್ ಸಾಕು. ಚಳಿಗಾಲದಲ್ಲಿ ಬಿಡುವಾದಾಗ ಮನೆಯಲ್ಲೇ ಕೂತು ಕೆತ್ತಿಕೊಳ್ಳಬಹುದು. ಹಾಗಾದರೆ ಇದಕ್ಕೆ ಫ್ಯಾಕ್ಟರಿ ಯಾಕೆ ಬೇಕಾಯ್ತು?

ಉತ್ತರ ಇರೋದು ಹೋಟೆಲ್‌ಗಳ ಮೆನುವಿನಲ್ಲಿ. ಅಮೆರಿಕದ ಅಂತರ್ಯುದ್ಧ 1865ಕ್ಕೆ ಮುಗೀತು. ಅದಾದ ಮೇಲೆ ಕೆಲವೇ ದಶಕಗಳಲ್ಲಿ ಮೂರು ವಿಷಯ ಒಟ್ಟಿಗೆ ಸೇರಿದವು. ರೈಲು ಎಲ್ಲಾ ಕಡೆ ತಲುಪಿತು. ಐಸ್ ತುಂಬಿದ ಬೋಗಿಗಳಲ್ಲಿ ಮಾಂಸ ಕೆಡದೆ ನೂರಾರು ಮೈಲಿ ಹೋಗತೊಡಗಿತು. ನಳಿಗೆಯ ಬಾಯಿಂದ ಮದ್ದು ಜಡಿಯೋ ಹಳೇ ಕೋವಿಯ ಜಾಗಕ್ಕೆ, ಹಿಂದಿನಿಂದ ತೋಟಾ ತುಂಬಿ ಸರಸರ ಹೊಡೆಯೋ ಕೋವಿ ಬಂತು. ನ್ಯೂಯಾರ್ಕ್, ಬಾಲ್ಟಿಮೋರ್‌ನ ದೊಡ್ಡ ಹೋಟೆಲ್‌ಗಳಲ್ಲಿ ಶ್ರೀಮಂತರಿಗೆ ಬೇಕಾಗಿದ್ದು ಅದೇ ಕ್ಯಾನ್ವಾಸ್‌ಬ್ಯಾಕ್ ಬಾತು. ಬಾತು ಹೊಡೆದು ಮಾರೋದೇ ಕಸುಬಾದ ಜನ ಹುಟ್ಟಿಕೊಂಡರು. ಇವರನ್ನು ಮಾರ್ಕೆಟ್ ಹಂಟರ್ ಅಂತ ಕರೀತಿದ್ದರು.

ಚೆಸಪೀಕ್ ಕೊಲ್ಲಿಯಲ್ಲಿ ಇವರು ಬಳಸುತ್ತಿದ್ದ ಸಾಧನದ ಹೆಸರು ಸಿಂಕ್‌ಬಾಕ್ಸ್. ಶವಪೆಟ್ಟಿಗೆಯ ಆಕಾರದ ಒಂದು ಡಬ್ಬಿ, ಅದರ ಸುತ್ತ ತೇಲೋ ಹಲಗೆಯ ರೆಕ್ಕೆ. ಬೇಟೆಗಾರ ಡಬ್ಬಿಯೊಳಗೆ ಅಂಗಾತ ಮಲಗ್ತಾನೆ. ಅವನ ಮೈ ನೀರಿನ ಮಟ್ಟಕ್ಕಿಂತ ಕೆಳಗೆ ಇರೋದರಿಂದ ಹಾರೋ ಹಕ್ಕಿಗೆ ಕಾಣಿಸೋದೇ ಇಲ್ಲ. ತಂತ್ರ ಕೆಲಸ ಮಾಡಬೇಕಾದರೆ ಆ ಡಬ್ಬಿಯ ಸುತ್ತ ಬಾತುಗಳ ದೊಡ್ಡ ಹಿಂಡೇ ಇರಬೇಕು. ಒಂದು ಸಿಂಕ್‌ಬಾಕ್ಸ್‌ಗೆ ಮುನ್ನೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು ಡಿಕಾಯ್‌ಗಳು ಬೇಕಾಗ್ತಿದ್ದವು. ಆ ಪ್ರಮಾಣದಲ್ಲಿ ಬೇಡಿಕೆ ಎದ್ದರೆ ಊರಿನ ಒಬ್ಬ ಕೆತ್ತನೆಗಾರ ಎಷ್ಟು ಪೂರೈಸಿಯಾನು? ಜೊತೆಗೆ ಊರೂರಲ್ಲಿ ಹವ್ಯಾಸಕ್ಕೆ ಬೇಟೆಯಾಡೋ ಸಾಹೇಬರ ಕ್ಲಬ್ಬುಗಳು ಬೇರೆ. ಇವರಿಗೆ ಕೆತ್ತೋಕೆ ಬರಲ್ಲ, ಕೊಳ್ಳೋಕೆ ದುಡ್ಡಿದೆ.

ಈ ಮಾರುಕಟ್ಟೆಯನ್ನು ಹಿಡಿದ ಊರು ಡೆಟ್ರಾಯಿಟ್. ಕಾರಿನ ಊರಾಗೋಕೆ ಎಷ್ಟೋ ಮುಂಚೆ ಅದು ಡಿಕಾಯ್‌ಗಳ ಊರಾಗಿತ್ತು. ಪಕ್ಕದಲ್ಲೇ ಸೇಂಟ್ ಕ್ಲೇರ್ ಸರೋವರದ ಜೌಗು ಬಯಲು, ವಲಸೆ ಬಾತುಗಳ ದೊಡ್ಡ ತಂಗುದಾಣ. ಸುತ್ತಮುತ್ತ ಹಗುರವಾದ ಸೀಡರ್ ಮರ. ಸಾಗಿಸೋಕೆ ಹಡಗು, ರೈಲು. 1870ರ ದಶಕದಲ್ಲಿ ಜಾರ್ಜ್ ಪೀಟರ್ಸನ್ ಅಲ್ಲಿ ಈ ಉದ್ಯಮ ಶುರುಮಾಡಿದ. 1880ರ ದಶಕದಲ್ಲಿ ಜ್ಯಾಸ್ಪರ್ ಡಾಡ್ಜ್ ಅದನ್ನು ಮುಂದುವರಿಸಿದ. 1896ರಲ್ಲಿ ವಿಲಿಯಂ ಮೇಸನ್ ತನ್ನ ಕಂಪನಿ ತೆರೆದ. ಮುಂದೆ ಅದೇ ಎಲ್ಲರಿಗಿಂತ ದೊಡ್ಡದಾಯ್ತು. ಇವತ್ತಿಗೂ ಫ್ಯಾಕ್ಟರಿ ಡಿಕಾಯ್ ಅಂದರೆ ಸಂಗ್ರಹಕಾರರ ಬಾಯಲ್ಲಿ ಮೊದಲು ಬರೋದು ಮೇಸನ್ ಹೆಸರೇ.

ಫ್ಯಾಕ್ಟರಿ ಅಂದಾಕ್ಷಣ ಎಲ್ಲವನ್ನೂ ಯಂತ್ರವೇ ಮಾಡ್ತಿತ್ತು ಅಂದುಕೊಳ್ಳಬೇಡಿ. ಇಲ್ಲಿನ ಮುಖ್ಯ ಯಂತ್ರ ನಕಲು ತೆಗೆಯೋ ಲೇತ್. ಥಾಮಸ್ ಬ್ಲಾಂಚರ್ಡ್ 1819ರಲ್ಲಿ ಬಂದೂಕಿನ ಮರದ ಹಿಡಿಗಳನ್ನು ಮಾಡೋಕೆ ಕಂಡುಹಿಡಿದ ಲೇತ್ ಅದರ ಮೂಲ. ಒಂದು ಕಡೆ ಮಾದರಿ ತಿರುಗುತ್ತೆ, ಅದರ ಮೈ ಮೇಲೆ ಒಂದು ಚಕ್ರ ಉರುಳುತ್ತಾ ಉಬ್ಬುತಗ್ಗು ಗ್ರಹಿಸುತ್ತೆ, ಇನ್ನೊಂದು ಕಡೆ ಮರದ ತುಂಡಿನ ಮೇಲೆ ಬ್ಲೇಡು ಅದೇ ಆಕಾರ ಕೊರೆಯುತ್ತೆ. ಶೂ ಹೊಲಿಯೋ ಮರದ ಅಚ್ಚು, ಕೊಡಲಿಯ ಕಾವು, ಬಾತಿನ ಮೈ, ಎಲ್ಲವೂ ಅದೇ ತತ್ವದ ಯಂತ್ರದಿಂದ ಬರುತ್ತಿದ್ದವು. ವಿಚಿತ್ರ ನೋಡಿ, ಬಾತನ್ನು ಕೊಲ್ಲೋ ಬಂದೂಕಿನ ಹಿಡಿಗೂ ಬಾತನ್ನು ಕರೆಯೋ ಗೊಂಬೆಯ ಮೈಗೂ ಯಂತ್ರಗಳ ವಂಶಾವಳಿ ಒಂದೇ.

ಮೈ ಮುಗಿದ ಮೇಲೆ ಕೈಕೆಲಸ ಶುರು. ತಲೆ, ಕೊಕ್ಕುಗಳ ನಯಗಾರಿಕೆಗೆ ಚಾಕು ಬೇಕೇ ಬೇಕು. ತಲೆಯನ್ನು ಮೈಗೆ ಮೊಳೆ ಹೊಡೆದು ಕೂರಿಸಿ, ಕತ್ತಿನ ಸುತ್ತ ಸಂದಿಗೆ ಪುಟ್ಟಿ ತುಂಬುತ್ತಿದ್ದರು. ಆಮೇಲೆ ಬ್ರಷ್ ಹಿಡಿದು ಒಂದೊಂದಕ್ಕೂ ಬಣ್ಣ. ಮೇಸನ್ ಬಾತುಗಳ ಎದೆಯ ಮೇಲೆ ಬ್ರಷ್ ಸುಳಿಸುಳಿಯಾಗಿ ಓಡಿರೋ ಗುರುತು ನೂರು ವರ್ಷದ ಮೇಲೂ ಕಾಣುತ್ತೆ.

ಗ್ರಾಹಕರ ಜೇಬಿಗೆ ತಕ್ಕಂತೆ ದರ್ಜೆಗಳಿದ್ದವು. ಎಲ್ಲಕ್ಕಿಂತ ಮೇಲೆ ಪ್ರೀಮಿಯರ್. ಇದು ಎರಡು ಹೋಳು ಜೋಡಿಸಿ ಒಳಗೆ ಟೊಳ್ಳು ಮಾಡಿದ್ದು, ಹಗುರ. ಅದರ ಕೆಳಗೆ ಚಾಲೆಂಜ್. ಆಮೇಲೆ ಡೆಟ್ರಾಯಿಟ್ ಗ್ರೇಡ್: ಗಟ್ಟಿ ಮರ, ಗಾಜಿನ ಕಣ್ಣು. ಇನ್ನೂ ಅಗ್ಗದ್ದು ಬೇಕಾ? ಗಾಜಿನ ಬದಲು ಮೊಳೆಯ ತಲೆಯೇ ಕಣ್ಣು. ಎಲ್ಲಕ್ಕಿಂತ ಅಗ್ಗದ್ದರಲ್ಲಿ ಕಣ್ಣಿನ ಜಾಗದಲ್ಲಿ ಬಣ್ಣದ ಒಂದು ಚುಕ್ಕೆ, ಅಷ್ಟೇ. ಫೋನು ಕೊಳ್ಳುವಾಗ ಪ್ರೊ, ಪ್ಲಸ್, ಲೈಟ್ ಅಂತ ಆರಿಸ್ತೀವಲ್ಲ, ಅದೇ ಲೆಕ್ಕ. ವ್ಯತ್ಯಾಸ ಕೊಳ್ಳುವವನ ಕಣ್ಣಿಗೆ ಮುಖ್ಯ. ನೂರಡಿ ಮೇಲಿಂದ ನೋಡೋ ಬಾತಿಗೆ ಗಾಜೂ ಒಂದೇ, ಚುಕ್ಕೆಯೂ ಒಂದೇ.

ಈಗ ಸಂಶೋಧನೆಯ ವಿಷಯಕ್ಕೆ ಬರೋಣ. ಅಗ್ಗದ ಸಾಮಾನಿನ ಕಂಪನಿ ಮುಚ್ಚಿದಾಗ ಅದರ ಲೆಕ್ಕದ ಪುಸ್ತಕಗಳನ್ನು ಯಾರು ಎತ್ತಿಡ್ತಾರೆ? ಯಾವ ವರ್ಷ ಎಷ್ಟು ಮಾಡಿದರು, ಯಾರು ಕೆತ್ತಿದರು, ಯಾರು ಬಣ್ಣ ಬಳಿದರು ಅನ್ನೋದು ಒಂದು ಕಡೆ ಬರೆದಿಟ್ಟು ಸಿಗಲ್ಲ. ಹಾಗಾಗಿ ಈ ಕ್ಷೇತ್ರದ ಕೆಲಸವನ್ನು ಬಹುಪಾಲು ಮಾಡಿದ್ದು ಯೂನಿವರ್ಸಿಟಿಗಳಲ್ಲ, ಸಂಗ್ರಹಕಾರರು. ವಾರಪೂರ್ತಿ ಬೇರೆ ನೌಕರಿ ಮಾಡ್ಕೊಂಡು ವೀಕೆಂಡಿನಲ್ಲಿ ಹಳೇ ಕಾಗದ ಜಾಲಾಡಿದ ಜನ.

ಅವರು ನೋಡೋ ಮೊದಲ ಜಾಗ ಜಾಹೀರಾತು. 1873ರಲ್ಲಿ ಶುರುವಾದ 'ಫಾರೆಸ್ಟ್ ಅಂಡ್ ಸ್ಟ್ರೀಮ್' ಥರದ ಬೇಟೆ ಪತ್ರಿಕೆಗಳಲ್ಲಿ ಡಿಕಾಯ್ ಕಂಪನಿಗಳು ಜಾಹೀರಾತು ಕೊಡ್ತಿದ್ದವು. ವಿಳಾಸ ಬದಲಾದರೆ ಜಾಹೀರಾತಿನಲ್ಲೂ ಬದಲಾಗುತ್ತೆ. ಅದರಿಂದ ಕಾಲ ಗೊತ್ತಾಗುತ್ತೆ. ಎರಡನೆಯದು ಅಂಚೆಯಲ್ಲಿ ಮಾರೋ ಅಂಗಡಿಗಳ ದಪ್ಪ ಕ್ಯಾಟಲಾಗ್‌ಗಳು. ಮೂರನೆಯದು ಪೇಟೆಂಟ್. 1874ರಲ್ಲಿ ಬಾಸ್ಟನ್ನಿನ ಸ್ಟ್ರೇಟರ್ ಮತ್ತು ಸೋಹಿಯರ್ ಅನ್ನೋರು ತಗಡಿನ ಮಡಚೋ ಹಕ್ಕಿಗೆ ಪೇಟೆಂಟ್ ಪಡೆದರು. ಎರಡು ಹೋಳು, ಮಡಚಿದರೆ ಚಪ್ಪಟೆ, ಡಬ್ಬಿಯಲ್ಲಿ ಒಂದರೊಳಗೊಂದು ಕೂರುತ್ತೆ. ಪೇಟೆಂಟ್ ದಾಖಲೆ ಇರೋದರಿಂದ ಅದರ ಹುಟ್ಟಿನ ಬಗ್ಗೆ ಜಗಳವೇ ಇಲ್ಲ. ನಾಲ್ಕನೆಯದು ಊರಿನ ಡೈರೆಕ್ಟರಿ, ಜನಗಣತಿಯ ಹಾಳೆ. ಹೆಸರಿನ ಮುಂದೆ ಕಸುಬು ಏನು ಅಂತ ಬರೆದಿರ್ತಾರಲ್ಲ, ಅದೇ ಸುಳಿವು.

ಕಾಗದ ಮುಗಿದ ಮೇಲೆ ವಸ್ತುವನ್ನೇ ಓದಬೇಕು. ಬಾತನ್ನು ಮಗುಚಿ ಹಾಕಿ ಅಡಿಭಾಗ ನೋಡೋದು ಮೊದಲ ಪಾಠ. ಲೇತ್ ಬ್ಲೇಡು ಬಿಟ್ಟ ಸಣ್ಣ ಅಲೆಯಂಥ ಗೀರು ಇದೆಯಾ? ತೂಕಕ್ಕೆ ಹಾಕಿದ ಸೀಸ ಯಾವ ಆಕಾರದ್ದು? ನ್ಯೂಯಾರ್ಕ್ ರಾಜ್ಯದ ವೀಡ್ಸ್‌ಪೋರ್ಟ್‌ನ ಸ್ಟೀವನ್ಸ್ ಕಂಪನಿ ಕೆಲವು ಬಾತುಗಳ ಅಡಿಯಲ್ಲಿ ತನ್ನ ಹೆಸರನ್ನೇ ಅಚ್ಚೊತ್ತುತ್ತಿತ್ತು. ಅಂಥದ್ದೊಂದು ಸಿಕ್ಕರೆ ಹೆಸರಿಲ್ಲದ ಇನ್ನೂ ಎಷ್ಟೋ ಬಾತುಗಳನ್ನು ಅದರ ಪಕ್ಕ ಇಟ್ಟು ಹೋಲಿಸಬಹುದು. ಎಕ್ಸ್‌ರೇ ತೆಗೆದರೆ ಒಳಗೆ ಟೊಳ್ಳೋ ಗಟ್ಟಿಯೋ, ಕತ್ತಿಗೆ ಹೊಡೆದ ಮೊಳೆ ಹಳೆಯದೋ ಹೊಸದೋ, ಮುರಿದು ಅಂಟಿಸಿದ್ದಾರೋ ಎಲ್ಲಾ ತಿಳಿಯುತ್ತೆ. ಒಳಗೆ ಹೂತುಹೋದ ಸೀಸದ ಚರೆಗಳೂ ಕಾಣ್ತವೆ. ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಹೊಸ ಬಣ್ಣ ಹಳೇ ಬಣ್ಣಕ್ಕಿಂತ ಬೇರೆ ಥರ ಹೊಳೆಯುತ್ತೆ, ಮೋಸ ಹೊರಗೆ ಬರುತ್ತೆ.

ಈ ಪತ್ತೇದಾರಿಕೆಯನ್ನು ಬರೀ ಹವ್ಯಾಸಿಗಳ ಹುಚ್ಚು ಅಂತ ಬಿಟ್ಟುಬಿಡೋ ಹಾಗಿಲ್ಲ. ಯಾಕಂದರೆ ಫ್ಯಾಕ್ಟರಿ ಬೇಡಿಕೆ ಇದ್ದದ್ದನ್ನು ಮಾತ್ರ ಮಾಡುತ್ತೆ. ಕೈಯಲ್ಲಿ ಕೆತ್ತುವವನು ಇಷ್ಟಪಟ್ಟು ಯಾವ ಹಕ್ಕಿಯನ್ನಾದರೂ ಕೆತ್ತಬಹುದು. ಫ್ಯಾಕ್ಟರಿಯ ಪಟ್ಟಿ ಹಾಗಲ್ಲ, ಆ ವರ್ಷಗಳಲ್ಲಿ ಯಾವ ಹಕ್ಕಿಯನ್ನು ಜನ ಗುಂಪುಗುಂಪಾಗಿ ಹೊಡೀತಿದ್ದರು ಅನ್ನೋದರ ಪಟ್ಟಿ ಅದು. ಮೇಸನ್ ಕಂಪನಿ ಬಾತುಗಳ ಜೊತೆ ತೀರದ ಹಕ್ಕಿಗಳನ್ನೂ ಮಾಡ್ತಿತ್ತು. ಸಮುದ್ರದಂಡೆಯ ಮರಳಲ್ಲಿ ಕೋಲಿನ ಮೇಲೆ ಸಿಕ್ಕಿಸಿ ನಿಲ್ಲಿಸೋ ಪ್ಲವರ್, ಯೆಲ್ಲೋಲೆಗ್ಸ್, ಕರ್ಲ್ಯೂ. ಆ ಹಕ್ಕಿಗಳನ್ನೂ ಮಾರೋಕೆ ಹೊಡೀತಿದ್ದರು, ಅದೂ ಡಿಕಾಯ್ ಫ್ಯಾಕ್ಟರಿ ನಡೆಯೋ ಪ್ರಮಾಣದಲ್ಲಿ.

ಪರಿಣಾಮ ನಿಧಾನಕ್ಕೆ ಎಲ್ಲರ ಕಣ್ಣಿಗೂ ಬಿತ್ತು. ಲ್ಯಾಬ್ರಡಾರ್ ಬಾತು 19ನೇ ಶತಮಾನ ಮುಗಿಯೋ ಮುಂಚೆಯೇ ಕಣ್ಮರೆಯಾಗಿತ್ತು. 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿ ಮೃಗಾಲಯದಲ್ಲಿ ಮಾರ್ಥಾ ಅನ್ನೋ ಕೊನೆಯ ಪ್ಯಾಸೆಂಜರ್ ಪಾರಿವಾಳ ಸತ್ತಿತು. ಒಂದು ಕಾಲಕ್ಕೆ ಆಕಾಶ ಕಪ್ಪಾಗೋ ಹಾಗೆ ಹಾರುತ್ತಿದ್ದ ಜಾತಿ ಅದು. ಕಾನೂನುಗಳು ಒಂದೊಂದಾಗಿ ಬಂದವು. 1900ರ ಲೇಸಿ ಕಾಯ್ದೆ, ಅಕ್ರಮವಾಗಿ ಹೊಡೆದ ಬೇಟೆಯನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸೋದನ್ನು ತಡೆಯಿತು. 1913ರ ವೀಕ್ಸ್-ಮ್ಯಾಕ್ಲೀನ್ ಕಾಯ್ದೆ ವಲಸೆ ಹಕ್ಕಿಗಳನ್ನು ಕೇಂದ್ರ ಸರ್ಕಾರದ ಸುಪರ್ದಿಗೆ ತಂದಿತು. ಕೆನಡಾದ ಪರವಾಗಿ ಬ್ರಿಟನ್ ಜೊತೆ 1916ರಲ್ಲಿ ಒಪ್ಪಂದ ಆಯ್ತು, ಅದನ್ನು ಜಾರಿಗೆ ತರೋಕೆ 1918ರಲ್ಲಿ ವಲಸೆ ಹಕ್ಕಿ ಒಪ್ಪಂದ ಕಾಯ್ದೆ ಬಂತು. ಕಾಡುಬಾತು ಹೊಡೆದು ಮಾರೋ ಕಸುಬಿಗೆ ಅಲ್ಲಿಗೆ ಕಾನೂನಿನ ನೆಲೆ ತಪ್ಪಿತು. ಇದು ರಾಜ್ಯಗಳ ಹಕ್ಕಿಗೆ ಧಕ್ಕೆ ಅಂತ ಮಿಸೌರಿ ರಾಜ್ಯ ಕೋರ್ಟಿಗೆ ಹೋಯ್ತು. 1920ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು.

ಈಗ ಮತ್ತೆ ಡಿಕಾಯ್‌ಗಳ ಕಪಾಟಿನ ಮುಂದೆ ನಿಂತು ನೋಡಿ. ತೀರದ ಹಕ್ಕಿಗಳ ಬೇಟೆಯನ್ನು 1918ರ ಕಾಯ್ದೆ ಬಹುಪಾಲು ನಿಲ್ಲಿಸಿತು, 1920ರ ದಶಕ ಮುಗಿಯೋ ಹೊತ್ತಿಗೆ ಸ್ನೈಪ್, ವುಡ್‌ಕಾಕ್ ಬಿಟ್ಟು ಉಳಿದವೆಲ್ಲಾ ರಕ್ಷಿತ ಪಟ್ಟಿಗೆ ಸೇರಿದವು. ಹೊಡೆಯೋ ಹಾಗಿಲ್ಲ ಅಂದಮೇಲೆ ಅವುಗಳ ಗೊಂಬೆ ಯಾರಿಗೆ ಬೇಕು? ಹಾಗಾಗಿ ಒಂದು ಹಳೇ ಪ್ಲವರ್ ಡಿಕಾಯ್ ಕೈಗೆ ಸಿಕ್ಕರೆ, ಅದು ಬಹುಮಟ್ಟಿಗೆ ಕಾನೂನು ಬರೋಕೆ ಮುಂಚಿನದ್ದು ಅಂತ ಊಹಿಸಬಹುದು. ವುಡ್ ಡಕ್ ಅನ್ನೋ ಬಣ್ಣಬಣ್ಣದ ಬಾತಿನ ಕಥೆ ಇನ್ನೊಂದು ಥರ. 20ನೇ ಶತಮಾನದ ಆರಂಭದಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು. 1918ರಲ್ಲಿ ಅದರ ಬೇಟೆ ಪೂರ್ತಿ ಬಂದ್ ಆಯ್ತು, ಮತ್ತೆ ಅನುಮತಿ ಸಿಕ್ಕಿದ್ದು 1941ರಲ್ಲಿ. ಮೇಸನ್ ಕಂಪನಿಯ ವುಡ್ ಡಕ್ ಡಿಕಾಯ್‌ಗಳು ತೀರಾ ಅಪರೂಪ, ಅದಕ್ಕೇ ಸಂಗ್ರಹಕಾರರು ಅದರ ಹಿಂದೆ ಬೀಳ್ತಾರೆ.

ಮೇಸನ್ ಕಂಪನಿ 1924ರಲ್ಲಿ ಡಿಕಾಯ್ ಮಾಡೋದನ್ನು ನಿಲ್ಲಿಸಿತು. ಲವ್‌ಲಾಕ್ ಗುಹೆಯಲ್ಲಿ ಜೊಂಡಿನ ಬಾತುಗಳು ಸಿಕ್ಕಿದ ವರ್ಷವೇ ಅದು. ವಿಲಿಯಂ ಮೇಸನ್ 1905ರಲ್ಲೇ ತೀರಿಕೊಂಡಿದ್ದ, ಕಂಪನಿ ನಡೆಸುತ್ತಿದ್ದವನು ಮಗ ಹರ್ಬರ್ಟ್. ಮಾರ್ಕೆಟ್ ಹಂಟರ್‌ಗಳು ಹೋಗಿದ್ದರು, ಡೆಟ್ರಾಯಿಟ್‌ಗೆ ಕಾರುಗಳು ಬಂದಿದ್ದವು. ಬಾತಿಗೆ ಬಣ್ಣ ಬಳಿಯೋ ಮನೆತನ ಕಾರಿನ ಬಣ್ಣಕ್ಕೆ ಕೈಹಾಕಿತು. 1919ರಲ್ಲಿ ಶುರುವಾದ ರಿನ್‌ಶೆಡ್-ಮೇಸನ್ ಪೇಂಟ್ ಕಂಪನಿಯ ಹೆಸರು ಆರ್-ಎಂ ಅನ್ನೋ ಕಾರ್ ಪೇಂಟ್ ಬ್ರ್ಯಾಂಡಿನಲ್ಲಿ ಉಳಿದಿದೆ.

ಸಂಗ್ರಹಿಸೋ ಹವ್ಯಾಸ ಶುರುವಾದದ್ದೂ ಇದೇ ಹೊತ್ತಿಗೆ. ಜೋಯೆಲ್ ಬಾರ್ಬರ್ ಅನ್ನೋ ನ್ಯೂಯಾರ್ಕಿನ ಆರ್ಕಿಟೆಕ್ಟ್‌ಗೆ ಲಾಂಗ್ ಐಲೆಂಡಿನಲ್ಲಿ ಒಂದು ಹಳೇ ಡಿಕಾಯ್ ಸಿಕ್ಕಿ, ಅವನು ಅದರ ಗುಂಗಿಗೆ ಬಿದ್ದಿದ್ದು 1918ರಲ್ಲಿ, ಅಂದರೆ ಕಾಯ್ದೆ ಬಂದ ವರ್ಷವೇ. 1934ರಲ್ಲಿ ಅವನು ಬರೆದ 'ವೈಲ್ಡ್ ಫೌಲ್ ಡಿಕಾಯ್ಸ್' ಈ ವಿಷಯದ ಮೊದಲ ದೊಡ್ಡ ಪುಸ್ತಕ. ಅವನ ಸಂಗ್ರಹ ಈಗ ವರ್ಮಾಂಟ್‌ನ ಶೆಲ್ಬರ್ನ್ ಮ್ಯೂಸಿಯಂನಲ್ಲಿದೆ. ಡಿಕಾಯ್ ಒಂದು ಜನಪದ ಕಲೆ ಅನ್ನೋ ಮಾತು ಅಲ್ಲಿಂದ ಬೆಳೀತು. ಜನಪದ ಕಲೆ ಅಂದಮೇಲೆ ಕಲಾವಿದ ಬೇಕು, ಅವನಿಗೊಂದು ಹೆಸರು, ಒಂದು ಶೈಲಿ ಬೇಕು. ಫ್ಯಾಕ್ಟರಿ ಬಾತುಗಳು ಬಹಳ ಕಾಲ ಕೆಳಗಿನ ಕಪಾಟಿನಲ್ಲೇ ಕೂತವು. ಅವುಗಳನ್ನು ಮೇಲೆ ತಂದಿದ್ದು ಕ್ಯಾಟಲಾಗ್ ಜಾಲಾಡಿದ ಆ ವೀಕೆಂಡ್ ಸಂಶೋಧಕರು. ದರ್ಜೆ, ಕಾಲ, ಕಂಪನಿ ಇವನ್ನೆಲ್ಲಾ ವಿಂಗಡಿಸಿದ ಮೇಲೆ ಒಳ್ಳೆಯ ಮೇಸನ್ ಪ್ರೀಮಿಯರ್‌ಗೆ ಹೆಸರಾಂತ ಕೆತ್ತನೆಗಾರರ ಸಾಲಿನಲ್ಲೇ ಜಾಗ ಸಿಕ್ಕಿತು.

ಆದರೆ ಮಾರುಕಟ್ಟೆಯ ಒಂದು ನಿಯಮ ನನಗೆ ಕಿರಿಕಿರಿ ಮಾಡುತ್ತೆ. ಅತಿ ಹೆಚ್ಚು ಬೆಲೆ ಸಿಗೋದು 'ಮೂಲ ಬಣ್ಣ' ಉಳಿಸಿಕೊಂಡ ಬಾತಿಗೆ. ಅಂದರೆ ಅದು ಹೆಚ್ಚು ಕೆಲಸ ಮಾಡಿಲ್ಲ. ಪೆಟ್ಟಿಗೆಯಲ್ಲೇ ಮಲಗಿತ್ತು, ಇಲ್ಲವೇ ಯಾವುದೋ ಸಾಹೇಬರ ಅಟ್ಟದಲ್ಲಿತ್ತು. ವರ್ಷವರ್ಷವೂ ನೀರಿಗಿಳಿದು, ಉಪ್ಪಿಗೆ ಬಣ್ಣ ಕಳೆದುಕೊಂಡು, ಪ್ರತಿ ಸೀಸನ್ನಿಗೆ ಮುಂಚೆ ಮಾಲೀಕನ ಕೈಯಲ್ಲಿ ಹೊಸ ಬಣ್ಣ ಬಳಿಸಿಕೊಂಡು, ಎರಡು ಮೂರು ಚರೆ ತಿಂದ ಬಾತಿಗೆ ಹರಾಜಿನಲ್ಲಿ ಬೆಲೆ ಕಮ್ಮಿ. ಚರಿತ್ರೆ ಬೇಕಾದವರಿಗೆ ಲೆಕ್ಕ ತಿರುಗುಮುರುಗು. ಅಟ್ಟದ ಬಾತು ಫ್ಯಾಕ್ಟರಿಯ ಬಗ್ಗೆ ಹೇಳುತ್ತೆ. ಕೆರೆಯ ಬಾತು ಫ್ಯಾಕ್ಟರಿ, ಬೇಟೆಗಾರ, ಹಕ್ಕಿ ಮೂವರ ಬಗ್ಗೆಯೂ ಹೇಳುತ್ತೆ. ಅದರ ಹೊಟ್ಟೆಯ ಮೇಲೆ ಕಾಯಿಸಿದ ಕಬ್ಬಿಣದಿಂದ ಸುಟ್ಟು ಬರೆದ ಮಾಲೀಕನ ಇನಿಷಿಯಲ್ ಇರುತ್ತೆ, ಅದರ ಮೇಲೆ ಇನ್ನೊಬ್ಬನದ್ದು. ಒಂದೊಂದು ಪದರ ಬಣ್ಣವೂ ಒಂದೊಂದು ಚಳಿಗಾಲ.

ನಮ್ಮ ಕಾಲದ ಫ್ಯಾಕ್ಟರಿ ಡಿಕಾಯ್‌ಗಳು ಪ್ಲಾಸ್ಟಿಕ್‌ನವು. ಎರಡನೇ ಮಹಾಯುದ್ಧದ ನಂತರ ಅವು ಮರವನ್ನು ಪೂರ್ತಿ ಹಿಂದೆ ಹಾಕಿದವು. ಬೇಟೆಯೂ ಅಲ್ಲಿ ನಿಂತಿಲ್ಲ, ಲೈಸೆನ್ಸ್, ಸೀಸನ್, ದಿನಕ್ಕೆ ಇಷ್ಟೇ ಅನ್ನೋ ಮಿತಿಯೊಳಗೆ ನಡೆಯುತ್ತೆ. ಸಿಂಕ್‌ಬಾಕ್ಸನ್ನೂ, ಜೀವಂತ ಬಾತುಗಳನ್ನು ಕಟ್ಟಿ ಸೆಳೆಯೋದನ್ನೂ 1935ರಲ್ಲೇ ನಿಷೇಧಿಸಿದರು. ವುಡ್ ಡಕ್ ಚೇತರಿಸಿಕೊಂಡಿತು, ಈಗ ಅಲ್ಲಿನ ಕೆರೆಗಳಲ್ಲಿ ಸಾಮಾನ್ಯವಾಗಿ ಕಾಣೋ ಹಕ್ಕಿ. ಎಸ್ಕಿಮೋ ಕರ್ಲ್ಯೂಗೆ ಆ ಭಾಗ್ಯ ಸಿಗಲಿಲ್ಲ. ಅದರ ಕೊನೆಯ ಖಚಿತ ದಾಖಲೆ 1963ರದ್ದು, ಬಾರ್ಬಡಾಸ್‌ನಲ್ಲಿ ಗುಂಡಿಗೆ ಬಿದ್ದ ಒಂದು ಹಕ್ಕಿ.

ಮುಂದೆ ಎಂದಾದರೂ ಆ ಕಡೆಯ ಯಾವುದಾದರೂ ಮ್ಯೂಸಿಯಂನಲ್ಲಿ, ಮೇರಿಲ್ಯಾಂಡಿನ ಹಾವ್ರ್ ಡಿ ಗ್ರೇಸ್ ಊರಿನ ಡಿಕಾಯ್ ಮ್ಯೂಸಿಯಂ ಇರಬಹುದು, ವರ್ಮಾಂಟಿನ ಶೆಲ್ಬರ್ನ್ ಇರಬಹುದು, ಗಾಜಿನ ಹಿಂದೆ ಮರದ ಬಾತು ಕಂಡರೆ ಬೆಲೆಯ ಚೀಟಿ ಹುಡುಕಬೇಡಿ. ಎದೆಯ ಮೇಲಿನ ಬ್ರಷ್ಷಿನ ಸುಳಿ ನೋಡಿ. ಡೆಟ್ರಾಯಿಟ್‌ನಲ್ಲಿ ಒಂದು ದಿನ, ಯಾವುದೋ ಶಿಫ್ಟಿನಲ್ಲಿ, ಸಂಬಳಕ್ಕೆ ಕೆಲಸ ಮಾಡ್ತಿದ್ದ ಯಾರೋ ಒಬ್ಬರು ಅದನ್ನು ಬಳಿದು, ಪಕ್ಕಕ್ಕಿಟ್ಟು, ಮುಂದಿನ ಬಾತಿಗೆ ಕೈ ಚಾಚಿದರು.